ಎದೆಯ ಮೇಲಿನ ಎರಡು ಗಾಯ

ಯಡ್ತರೆಯ ಹತ್ತಿರ ಹೆದ್ದಾರಿಯಲ್ಲಿ ನನ್ನ ಬೈಕಿಗೆ ದನ ಅಡ್ಡ ಬಂದಾಗ ಮಧ್ಯಾಹ್ನ ಮೂರು ಗಂಟೆ. ಆಗ ನಾನು ಕುಂದಾಪುರ–ಬೈಂದೂರು ಮಾರ್ಗದ ಖಾಸಗಿ ಬಸ್ಸಿನ ಡ್ರೈವರ್. ವಯಸ್ಸು ಐವತ್ತೆರಡು, ಮದುವೆಯಾಗಿರಲಿಲ್ಲ. ಪಾಳಿ ಮುಗಿಸಿ ಬೈಂದೂರಿನ ಬಾಡಿಗೆ ಕೋಣೆಗೆ ಊಟಕ್ಕೆ ಹೊರಟಿದ್ದೆ. ದನಕ್ಕೆ ಏನೂ ಆಗಲಿಲ್ಲ. ನಾನು ಡಿವೈಡರಿಗೆ ಎಡಮಗ್ಗುಲು ಬಡಿದು ಬಿದ್ದೆ. ಎದ್ದು ಕೂರಲು ನೋಡಿದರೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು.

ಆಂಬುಲೆನ್ಸಿನವರು ಕುಂದಾಪುರದ ಒಂದು ಆಸ್ಪತ್ರೆಗೆ ತಂದರು. ಅಲ್ಲಿನ ಸರ್ಜನ್ ಮಧ್ಯವಯಸ್ಸಿನ ಹೆಂಗಸು. ನನ್ನ ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ಆದರೆ ಅವರು ಮೊದಲು ಕೇಳಿದ್ದು ನನ್ನ ಹೆಸರು. ಹೇಳಿದೆ. ‘ಮಾತಾಡ್ತಿದ್ದಾರೆ, ಗಂಟಲು ಸರಿ ಇದೆ’ ಎಂದು ಪಕ್ಕದ ನರ್ಸಿಗೆ ಹೇಳಿ ಎದೆಗೆ ಸ್ಟೆತೊಸ್ಕೋಪ್ ಇಟ್ಟರು. ಎಡಗಡೆ ಸದ್ದೇ ಇರಲಿಲ್ಲವಂತೆ. ಮುರಿದ ಪಕ್ಕೆಲುಬು ಚುಚ್ಚಿ ಶ್ವಾಸಕೋಶದ ಹೊರಗೆ ಗಾಳಿ ತುಂಬಿತ್ತು. ಕಂಕುಳ ಕೆಳಗೆ ಮರಗಟ್ಟಿಸಿ, ಸಣ್ಣದಾಗಿ ಕೊಯ್ದು ಒಂದು ಕೊಳವೆ ತೂರಿಸಿದರು. ಅದರ ಇನ್ನೊಂದು ತುದಿ ನೆಲದ ಮೇಲಿನ ನೀರಿನ ಬಾಟಲಿಯಲ್ಲಿತ್ತು. ನೀರಿನಲ್ಲಿ ಗುಳ್ಳೆ ಏಳತೊಡಗಿದಾಗ ನನಗೆ ಉಸಿರು ಬಂತು.

ಆಮೇಲೆ ಅವರು ನನ್ನ ಅಂಗಿಯನ್ನು ಕತ್ತರಿಸಿ ತೆಗೆದು, ತಲೆಯಿಂದ ಕಾಲಿನ ಬೆರಳಿನವರೆಗೆ ಒಂದೊಂದೇ ಕಡೆ ಒತ್ತಿ ನೋಡಿದರು. ಪೆಟ್ಟು ಬಿದ್ದದ್ದು ಎಡಕ್ಕೆ. ಅವರ ಕೈ ನಿಂತದ್ದು ಬಲಕ್ಕೆ, ಮೊಲೆತೊಟ್ಟಿನ ಹಿಂದೆ.

‘ಇದು ಎಷ್ಟು ದಿನದಿಂದ ಇದೆ?’

‘ಇವತ್ತಿನ್ ಪೆಟ್ಟೇ ಆಯ್ಕ್ ಡಾಕ್ಟ್ರೆ’ ಎಂದೆ.

‘ಪೆಟ್ಟಿಗೆ ತೊಟ್ಟು ಒಳಗೆ ಎಳ್ಕೊಳ್ಳೋದಿಲ್ಲ’ ಎಂದರು ಅವರು, ನನ್ನ ಮುಖ ನೋಡುತ್ತ.

ನಾನು ಸುಳ್ಳು ಹೇಳಿದ್ದೆ. ಒಂದು ವರ್ಷದಿಂದ ಅಲ್ಲಿ ಹುಣಸೆಬೀಜದಷ್ಟು ಗಟ್ಟಿ ಇತ್ತು. ಬನಿಯನ್ನಿಗೆ ಆಗಾಗ ಕಲೆ ಆಗುತ್ತಿತ್ತು. ನೋವಿಲ್ಲದ್ದನ್ನು ಯಾರಿಗೆ ತೋರಿಸುವುದು, ಏನೆಂದು ತೋರಿಸುವುದು?

ಕೊಳವೆ ತೆಗೆದ ಮೇಲೆ ಆ ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು ಬಾಗಿಲು ಹಾಕಿಸಿ, ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು: ‘ಇದು ಸ್ತನ ಕ್ಯಾನ್ಸರ್. ಗಂಡಸರಿಗೆ ಬರೋದು ಅಪರೂಪ. ಆದ್ರೆ ಬರ್ತದೆ.’ ಕಾಯಿಲೆಗಿಂತ ಮೊದಲು ಆ ಹೆಸರು ನನ್ನನ್ನು ತಟ್ಟಿತು. ಹೊರಗೆ ಕಂಡಕ್ಟರ್ ಗೆಳೆಯ ಕಾಯುತ್ತಿದ್ದ. ‘ಎಂತ ಅಂದ್ರ್?’ ಎಂದ. ‘ಎದೆ ಪೆಟ್ಟ್ ಗುಣ ಆಪುಕೆ ಇನ್ನೊಂದ್ ಆಪರೇಷನ್ ಬೇಕಂಬ್ರ್’ ಎಂದೆ. ಅವನು ನಂಬಿದ. ಅವನಿಂದ ಬಸ್‌ಸ್ಟ್ಯಾಂಡ್ ಇಡೀ ನಂಬಿತು.

ಉಡುಪಿಯ ಕಡೆಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಈ ಕಾಯಿಲೆಗೇ ಬೇರೆ ಒಂದು ಕೋಣೆ. ಹೊರಗಿನ ಬೆಂಚುಗಳ ಮೇಲೆ ಬರೀ ಹೆಂಗಸರು, ಒಬ್ಬೊಬ್ಬರ ಜೊತೆ ಮಗಳೋ ಸೊಸೆಯೋ. ನನ್ನ ಸರದಿ ಬಂದಾಗ ನರ್ಸ್ ಚೀಟಿ ತೆಗೆದುಕೊಂಡು, ‘ಪೇಷಂಟ್ ಎಲ್ಲಿ? ಒಳಗೆ ಕರ್ಕೊಂಡ್ ಬನ್ನಿ’ ಎಂದಳು.

‘ಪೇಷಂಟ್ ನಾನೇ.’

ಅವಳು ಫೈಲು ನೋಡಿ, ದನಿ ತಗ್ಗಿಸಿ ‘ಬನ್ನಿ’ ಎಂದಳು. ಬೆಂಚಿನ ಮೇಲಿದ್ದವರು ಮಾತು ನಿಲ್ಲಿಸಿದರು. ನನ್ನ ಪಕ್ಕದ ಹೆಂಗಸು ಸೆರಗು ಸರಿಮಾಡಿಕೊಂಡು ಸ್ವಲ್ಪ ಆಚೆ ಸರಿದಳು. ಅವಳ ತಪ್ಪೇನಲ್ಲ. ಅವರು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದ ಸಂಗತಿಗಳ ನಡುವೆ ನಾನೊಬ್ಬ ಗಂಡಸು ಬಂದು ಕೂತಿದ್ದೆ.

ಬಲಗಡೆಯದನ್ನು ಪೂರ್ತಿ ತೆಗೆದು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಗಾಯದ ನೀರು ಇಳಿಯಲು ಎರಡು ಸಣ್ಣ ಕೊಳವೆ, ಅವಕ್ಕೆ ಎರಡು ಡಬ್ಬಿ. ಗಂಡಸರ ವಾರ್ಡಿನಲ್ಲಿ ಒಂದು ಕಡೆ ಹರ್ನಿಯಾದವನು, ಇನ್ನೊಂದು ಕಡೆ ಕಾಲು ಮುರಿದವನು. ಇಬ್ಬರಿಗೂ ಆಕ್ಸಿಡೆಂಟ್ ಎಂದೇ ಹೇಳಿದೆ. ಡಬ್ಬಿಗಳನ್ನು ಲುಂಗಿಯ ಮಡಿಕೆಯಲ್ಲಿ ಹಿಡಿದುಕೊಂಡು ಒಬ್ಬನೇ ಕಾರಿಡಾರಿನಲ್ಲಿ ನಡೆಯುತ್ತಿದ್ದೆ. ಆಮೇಲೆ ಕೀಮೊ, ತಲೆಕೂದಲು ಹೋಯಿತು. ದೇವರಿಗೆ ಮುಡಿ ಕೊಟ್ಟೆ ಎಂದೆ. ಬಲಗೈಗೆ ಮೊದಲಿನ ಬಲ ಬರಲಿಲ್ಲ, ಸ್ಟೇರಿಂಗ್ ಬಿಟ್ಟೆ. ಬಸ್ಸಿನ ಧಣಿಗಳು ಬೈಂದೂರಿನಲ್ಲೇ ಟೈಮ್‌ಕೀಪರ್ ಕೆಲಸ ಕೊಟ್ಟರು. ಅಂಗಿ ತೆಗೆದು ಒಳಗೆ ಹೋಗಬೇಕಾದ ದೇವಸ್ಥಾನಗಳಿಗೆ ಹೋಗುವುದನ್ನು ನಿಲ್ಲಿಸಿದೆ. ಸೆಕೆಗಾಲದಲ್ಲೂ ಕೋಣೆಯ ಬಾಗಿಲು ಹಾಕಿಯೇ ಅಂಗಿ ಬಿಚ್ಚುತ್ತಿದ್ದೆ.

ಒಂದು ಚೆಕಪ್ಪಿನಲ್ಲಿ ಡಾಕ್ಟರು ಕೇಳಿದರು: ‘ಒಡಹುಟ್ಟಿದವರು ಯಾರಿದ್ದಾರೆ?’

‘ಅಕ್ಕ ಒಬ್ಳು. ಬಾರ್ಕೂರಲ್ಲಿ.’

‘ಗಂಡಸರಿಗೆ ಬಂದ್ರೆ ಕೆಲವು ಸಲ ಅದು ರಕ್ತಸಂಬಂಧದಲ್ಲಿ ಇರ್ತದೆ. ಅವರು ತೋರಿಸ್ಕೊಳ್ಳಲೇಬೇಕು. ನೀವು ಹೇಳಿದ್ದೀರಾ?’

ಹೇಳಿರಲಿಲ್ಲ. ಹೇಳಲು ಇನ್ನೂ ಎರಡು ತಿಂಗಳು ಬೇಕಾಯಿತು. ಕೊನೆಗೆ ಒಂದು ಭಾನುವಾರ ಬ್ರಹ್ಮಾವರದಲ್ಲಿ ಬಸ್ ಬದಲಿಸಿ ಬಾರ್ಕೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ತೆಂಗಿನಗರಿ ಹೆಣೆಯುತ್ತಿದ್ದಳು. ಮನೆಯವರೆಲ್ಲ ಮದುವೆಗೆ ಹೋಗಿದ್ದರು. ನಾನು ಅವಳ ಮುಖ ನೋಡದೆ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು.

‘ತಮ್ಮ, ಅಬ್ಬಿ ಹೋದ್ದ್ ಜ್ವರದಲ್ಲ್ ಅಲ್ಲ’ ಎಂದಳು.

ಅಬ್ಬಿ, ನಮ್ಮ ತಾಯಿ, ತೀರಿಕೊಂಡಾಗ ನಾನು ಮುಂಬೈಯಲ್ಲಿ ಟೆಂಪೊ ಓಡಿಸುತ್ತಿದ್ದೆ. ಜ್ವರ ಎಂದು ಫೋನಿನಲ್ಲಿ ಹೇಳಿದ್ದರು.

‘ಎದೆಯಲ್ಲ್ ಹುಣ್ಣ್ ಇತ್ತ್. ಬಟ್ಟಿ ಕಟ್ಕಂಡೇ ಗದ್ದಿ ನಟ್ಟಿಗ್ ಹೋತಿದ್ಲ್. ನಾನೇ ತೊಳಿತಿದ್ದೆ. ಗಂಡ್ ಮಕ್ಕಳಿಗ್ ಹೇಳೂದ್ ಬ್ಯಾಡ ಅಂದ್ಲ್.’

‘ನೀ ತೋರ್ಸಿದ್ಯಾ?’

‘ಹೆದ್ರಿಕಿ ಆತ್ತ್. ಮೀವತ್ತಿಗೂ ನಾ ಅಲ್ಲಿ ಕೈ ಹಾಕಿ ಕಾಂತಿಲ್ಲೆ.’

ಸ್ನಾನದಲ್ಲೂ ಅಲ್ಲಿ ಮುಟ್ಟಿ ನೋಡದವಳನ್ನು ಒಪ್ಪಿಸಲು ಮತ್ತೆ ಮೂರು ಭಾನುವಾರ ಹಿಡಿಯಿತು. ಅವಳಿಗೂ ಗಂಟಿತ್ತು. ನನ್ನದಕ್ಕಿಂತ ಚಿಕ್ಕದು, ಆದರೆ ಒಂದೇ ಸ್ತನದಲ್ಲಿ ಎರಡು ಕಡೆ. ಅದನ್ನು ಪೂರ್ತಿ ತೆಗೆಯಬೇಕಾಯಿತು. ಬೇಗ ಬಂದಿರಿ, ಗುಣವಾಗುತ್ತದೆ ಎಂದರು ಡಾಕ್ಟರು. ಹಾಗೆಯೇ ಆಯಿತು.

ಅವಳು ಮನೆಗೆ ಬಂದ ವಾರ ಅಲ್ಲಿ ಜನವೋ ಜನ. ನೆರೆಕರೆಯವರು, ನಾದಿನಿಯರು, ಬ್ರಹ್ಮಾವರದ ಸಂಬಂಧಿಕರು. ಎಳನೀರು ತಂದರು, ಗಂಜಿ ಮಾಡಿದರು, ಹಾಸಿಗೆಯ ಸುತ್ತ ಕೂತರು. ನಾನು ಜಗಲಿಯಲ್ಲಿದ್ದೆ. ಅವಳ ನಾದಿನಿ ಕಾಫಿ ಕೊಡುತ್ತ, ‘ನಿಮ್ಗ್ ಗೊತ್ತಾತಿಲ್ಲೆ, ಹೆಂಗ್ಸರ್ ಕಷ್ಟ ಇದ್’ ಎಂದರು. ‘ಹೌದು’ ಎಂದೆ. ಒಳಗಿನಿಂದ ಅಕ್ಕ ನನ್ನತ್ತ ನೋಡಿದಳು. ಬಾಯಿ ಬಿಡಲಿಲ್ಲ. ಬಿಡಬೇಡ ಎಂದು ನಾನೇ ಕೇಳಿಕೊಂಡಿದ್ದೆ.

ಸಂಜೆ ಜನ ಚದುರಿದ ಮೇಲೆ ಅವಳು ಕರೆದಳು. ಬ್ಯಾಂಡೇಜ್ ಬಿಚ್ಚಿದ ದಿನದಿಂದ ಅವಳು ಒಮ್ಮೆಯೂ ಕೆಳಗೆ ನೋಡಿಕೊಂಡಿರಲಿಲ್ಲ. ‘ಹ್ಯಾಂಗ್ ಇರತ್ತ್ ಅದ್?’ ಎಂದಳು.

ನಾನು ಬಾಗಿಲು ಮುಂದೆ ಮಾಡಿ ಅಂಗಿಯ ಗುಂಡಿ ಬಿಚ್ಚಿದೆ. ಆಸ್ಪತ್ರೆಯವರನ್ನು ಬಿಟ್ಟರೆ ಇನ್ನೊಬ್ಬರು ನೋಡಿದ್ದು ಅದೇ ಮೊದಲು. ಅಕ್ಕ ಎಡಗಡೆಯ ಸಣ್ಣ ಕಲೆ ನೋಡಿದಳು. ಬಲಗಡೆ ಕಂಕುಳಿನವರೆಗೆ ಹೋದ ಉದ್ದದ ಗೆರೆಯ ಮೇಲೆ ಬೆರಳಾಡಿಸಿದಳು.

‘ಆಸ್ಪತ್ರೆಲಿ ನಿನ್ ಹತ್ರ ಯಾರ್ ಇದ್ದಿದ್ರ್?’

‘ಯಾರೂ ಇಲ್ಲೆ.’

‘ಗಂಜಿ?’

‘ಕ್ಯಾಂಟೀನಿಂದ್.’

ಅವಳು ತನ್ನ ಸೆರಗು ಸರಿಸಿ ಕೆಳಗೆ ನೋಡಿಕೊಂಡಳು. ನಾನು ಗೋಡೆಯ ಕಡೆ ತಿರುಗಿ ಗುಂಡಿ ಹಾಕಿಕೊಂಡೆ. ಬ್ರಹ್ಮಾವರಕ್ಕೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ‘ಬತ್ತೆ ಅಕ್ಕ’ ಎಂದು ಹೇಳಿ ಅಂಗಳಕ್ಕೆ ಇಳಿದೆ.