ಕುಪ್ಪಸದ ತೋಳು

ನನ್ನ ಭಾಷಣ ಕೇಳಿದರೆ ಕೊರೋನಾ ಕೂಡ ಹೆದರಿ ಠಾಣೆ ಊರಿನ ಖಾಡಿಯ ನೀರಿಗೆ ಹಾರೀತು ಎಂದು ನಂಬಿದ್ದವ ನಾನು. ವಿಠ್ಠಲವಾಡಿಯ ಲಸಿಕೆ ಶಿಬಿರದಲ್ಲಿ ಮರಾಠಿ ಬಾರದ ಕಲಬುರಗಿಯ ಕೂಲಿ ಹೆಂಗಸರಿಗೆ ಕನ್ನಡದಲ್ಲಿ ತಿಳಿಹೇಳಲು ನನ್ನನ್ನೇ ಕರೆದಿದ್ದರು. ಲಸಿಕೆ ಆಗದವರನ್ನು ನಾಳೆಯಿಂದ ಕಟ್ಟಡದ ಗೇಟಿನೊಳಗೆ ಬಿಡುವುದಿಲ್ಲವೆಂದು ಅವರನ್ನು ಕೂಲಿಗೆ ಕರೆತಂದ ಮುಕಾದಮ ಹೇಳಿಬಿಟ್ಟಿದ್ದ. ಬೆಳಗಿನಿಂದ ಗಂಟಲು ಹರಿದುಕೊಂಡೆ. ಎಲ್ಲರೂ ತಲೆಯಾಡಿಸಿದರು, ಸರದಿ ಬಂದೊಡನೆ ಚುಚ್ಚಿಸಿಕೊಳ್ಳದೆ ಎದ್ದು ಹಿಂದೆ ಸರಿದರು.

"ಯಾಕಮ್ಮಾ, ಸೂಜಿ ಅಂದ್ರೆ ಹೆದರಿಕೆಯಾ?" ಎಂದು ಮುಂದಿದ್ದವಳನ್ನು ಕೇಳಿದೆ.

"ಸೂಜಿಗ್ಯಾಕ ಅಂಜ್ತೀವಿ ಕಾಕಾ? ಕುಪ್ಪಸದ ತೋಳು ಬಿಗಿ ಅದ, ಮ್ಯಾಲ ಏರಲ್ಲ. ಇಷ್ಟು ಗಂಡಸರ ಮುಂದ ಗುಂಡಿ ಹ್ಯಾಂಗ ಬಿಚ್ಚಬೇಕ್ರಿ? ಮೊದಲ ನೀವು ಆ ಕಡಿ ಮಾರಿ ಮಾಡ್ರಿ!"

"ಕಾಕಾ, ಜಲ್ದಿ!" ಎಂದು ನರ್ಸ್ ಸಿಡುಕಿದಳು. ಪಕ್ಕದ ಮನೆಯಿಂದ ಬೆಡ್‌ಶೀಟ್ ಬೇಡಿ ತಂದೆ. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ನಾನೇ ಕೈಯೆತ್ತಿ ಹಿಡಿದು, ಗೋಡೆಗೆ ಮುಖಮಾಡಿ ಸಂಜೆಯವರೆಗೆ ನಿಂತೆ. ಕೊನೆಯವಳಿಗೂ ಲಸಿಕೆ ಆಯಿತು.

ಮರುದಿನ ಅವರೆಲ್ಲ ಎಂದಿನಂತೆ ಇಟ್ಟಿಗೆ ಹೊರಲು ಹೋದರಂತೆ. ತೋಳುನೋವೆಂದು ಮಾತ್ರೆ ನುಂಗಿ ಮಲಗಿದವ ಇಡೀ ವಿಠ್ಠಲವಾಡಿಯಲ್ಲಿ ನಾನೊಬ್ಬನೇ.