ಒಂದೇ ಥರದ ಎರಡು ಜಾಡಿ

ಮಕ್ಕಳೇ, ನಾನು ಏಳನೇ ಕ್ಲಾಸಿನಲ್ಲಿದ್ದದ್ದು ಎಂಬತ್ತರ ದಶಕದ ಮೊದಲಲ್ಲಿ. ಆಗ ನಂಜನಗೂಡಿನಿಂದ ನಮ್ಮ ಕಡೆಗೆ ಬಸ್ಸು ಬರುವುದೇ ಅಪರೂಪ. ಶಾಲೆಯಲ್ಲಿ ಪ್ರಯೋಗವೆಂದರೆ ಬೋರ್ಡಿನ ಮೇಲೆ ಬರೆದ ಚಿತ್ರ, ಅಷ್ಟೇ. ಅಂಥದ್ದರಲ್ಲಿ ಒಂದು ಬೇಸಿಗೆಯಲ್ಲಿ ವಿಜ್ಞಾನದ ಮೇಷ್ಟ್ರು ಎಲ್ಲಿಂದಲೋ ಎರಡು ಥರ್ಮಾಮೀಟರನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದರು.

"ಎರಡು ಗಾಜಿನ ಜಾಡಿ ಬೇಕು. ಒಂದೇ ಥರ ಇರಬೇಕು. ಇಲ್ದಿದ್ರೆ ಏನೂ ಗೊತ್ತಾಗಲ್ಲ" ಎಂದರು.

ಒಂದನ್ನು ನಾನು ಒಯ್ದೆ. ಉಪ್ಪಿನಕಾಯಿ ಜಾಡಿ, ಅಜ್ಜಿಗೆ ಕಾಣದಂತೆ ಅವ್ವ ಸೀಗೆಪುಡಿ ಹಾಕಿ ತಿಕ್ಕಿ ಕೊಟ್ಟಿದ್ದಳು. ಇನ್ನೊಂದನ್ನು ನನ್ನ ಗೆಳತಿ ರತ್ನಿ ತಂದಳು. ಅವಳದು ಆಚೆ ಕೇರಿ. ಆ ಕೇರಿಯವರನ್ನು ನಮ್ಮ ಬೀದಿಯವರು ಜಗುಲಿ ಹತ್ತಿಸುತ್ತಿರಲಿಲ್ಲ. ಆದರೆ ಸಂತೆಯಲ್ಲಿ ಗಾಜು ಮಾರುವವನು ಎರಡೂ ಕಡೆಯವರಿಗೆ ಒಬ್ಬನೇ. ಜಾಡಿಗಳು ಅವಳಿ ಮಕ್ಕಳ ಹಾಗಿದ್ದವು.

ಎರಡಕ್ಕೂ ಎರೆಮಣ್ಣು ಹಾಕಿ, ಥರ್ಮಾಮೀಟರು ಇಳಿಬಿಟ್ಟು, ಒಂದರ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಬಿಸಿಲಿಗಿಟ್ಟೆವು. ಉಪ್ಪು ಹಚ್ಚಿದ ಹುಣಸೇಕಾಯಿ ಚೀಪುತ್ತ, ಕುಂಟೆಬಿಲ್ಲೆ ಆಡುತ್ತ ಕಾದೆವು. ಮುಚ್ಚಿದ ಜಾಡಿಯಲ್ಲಿ ಪಾದರಸ ಮೇಲೆ ಹತ್ತಿತ್ತು. ಗಾಜಿನ ಒಳಗೋಡೆ ಬೆವರಿತ್ತು.

"ಯಾಕೆ?" ಎಂದರು ಮೇಷ್ಟ್ರು.

"ಬಿಸ್ಲು ಒಳೀಕ್ ಓಯ್ತದೆ ಸಾ, ಕಾವು ಆಚೀಕ್ ಬರಾಕಾಗಲ್ಲ" ಎಂದಳು ರತ್ನಿ.

"ಸರಿಯಾಗಿ ಹೇಳ್ದೆ. ಭೂಮಿ ಸುತ್ತ ಇರೋ ಕೆಲವು ಅನಿಲಗಳೂ ಹೀಗೇ ಕಾವು ಹಿಡಿದಿಡ್ತವೆ. ನಾಳೆ ಇಡೀ ಸ್ಕೂಲಿಗೆ ನೀನೇ ಇದನ್ನ ಮಾಡಿ ತೋರ್ಸು."

ಅವಳ ಮುಖ ನೋಡಬೇಕಿತ್ತು. ಮಧ್ಯಾಹ್ನವೆಲ್ಲ ನನ್ನನ್ನು ಎದುರು ಕೂರಿಸಿಕೊಂಡು, ಕೈಯಾಡಿಸಿ ಅದನ್ನೇ ಹೇಳಿ ಹೇಳಿ ಕಲಿತಳು.

ಶಾಲೆ ಬಿಡುವ ಹೊತ್ತಿಗೆ ಅಜ್ಜಿ ಬಂದಳು. ಯಾರೋ ಸುದ್ದಿ ಮುಟ್ಟಿಸಿದ್ದರು. ಮಣ್ಣು ಸುರಿದು ಬೋರಲು ಹಾಕಿದ್ದ ಜಾಡಿಗಳನ್ನು ದೂರದಿಂದಲೇ ನೋಡಿ, "ನಿಂಬೆಣ್ಣು ಎಚ್ಚಿ ಉಪ್ಪಾಕಿ ಮಡಗಿವ್ನಿ. ಯಾವ್ದು ಮೇಷ್ಟ್ರೇ ನಮ್ದು?" ಎಂದಳು.

ಯಾರಿಗೂ ಗೊತ್ತಿರಲಿಲ್ಲ. "ಮೂಸಮ್ಮಿ ನೀನು" ಎಂದು ಅಜ್ಜಿ ನನ್ನನ್ನು ನೂಕಿದಳು. ಮೂಸಿದೆ. ಎರಡರಲ್ಲೂ ಕಾದ ಮಣ್ಣಿನ ವಾಸನೆ.

"ಎರಡೂ ಒಂದೇ ಅಜ್ಜಿ."

"ಅದೆಂಗ್ ಒಂದಾದದು? ಬಾಯ್ಮುಚ್ಚು."

ಮೇಷ್ಟ್ರು ಆಚೀಚೆ ನೋಡಿ ಒಂದನ್ನು ಎತ್ತಿಕೊಟ್ಟರು. "ಇದೇ ನಿಮ್ದು. ನಾನು ಗುರುತು ಮಾಡಿಟ್ಟಿದ್ದೆ."

ಯಾವ ಗುರುತೂ ಇರಲಿಲ್ಲ.

ರತ್ನಿ ಕೇಳಿಯೇ ಬಿಟ್ಟಳು: "ಎಲ್ಡೂ ಒಂದೇ ತರ ಇರ್ಬೇಕು ಅಂತ ನೀವೇ ಅಂದಿದ್ರಲ್ಲ ಸಾ?"

"ಪಾಠ ಬೇರೆ, ಊರು ಬೇರೆ. ಸುಮ್ನಿರಮ್ಮ."

ಅಜ್ಜಿ ಅದೇ ಜಾಡಿಯಲ್ಲಿ ಉಪ್ಪಿನಕಾಯಿ ಹಾಕಿದಳು. ವರ್ಷವೆಲ್ಲ ಮನೆಮಂದಿ ಚಪ್ಪರಿಸಿ ತಿಂದರು. ಅವಳಿಗೆ ಬೇಕಿದ್ದದ್ದು ತನ್ನ ಜಾಡಿಯಲ್ಲ, ಮೇಷ್ಟ್ರ ಒಂದು ಸುಳ್ಳು. ಓದಿದವರು ಅದನ್ನು ಕೇಳಿದ ತಕ್ಷಣ ಕೊಟ್ಟರಲ್ಲ, ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೆ.

ಮರುದಿನ ಜಾಡಿಗಳು ಪಟೇಲರ ಮನೆಯಿಂದ ಬಂದವು. ಮೇಷ್ಟ್ರು ರತ್ನಿಯನ್ನು ಬಿಟ್ಟು ನನ್ನನ್ನು ಕರೆದರು. ಜನರೆದುರು ಬಾಯಿಬಿಡದವಳು ನಾನು. ಆದರೂ ಹೇಳಿದೆ: "ನನಗೆ ಬರಲ್ಲ ಸಾರ್, ರತ್ನಿಗೇ ಬರೋದು." ಅವರು ಇನ್ನೊಬ್ಬ ಹುಡುಗನನ್ನು ನಿಲ್ಲಿಸಿದರು. ಅವನು ಗಿಣಿಪಾಠ ಒಪ್ಪಿಸಿದ. ರತ್ನಿ ಜಾಡಿ ಮುಟ್ಟಬಾರದೆಂದು ಹಿಂದಿನ ಸಾಲಿನ ಆಚೆ ನಿಂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಏಳನೆಯದು ಮುಗಿದ ಮೇಲೆ ಅವಳು ಹೈಸ್ಕೂಲಿಗೆ ಬರಲಿಲ್ಲ. ಕರೆಯಲು ಹೋದಾಗ ಅವಳವ್ವ, "ಅಲ್ಲೂ ಇಂಥ ಮೇಷ್ಟ್ರೇ ತಾನೇ ಕಣವ್ವ ಇರಾದು" ಎಂದಳು. ರತ್ನಿಯನ್ನು ಟಿ. ನರಸೀಪುರದ ಕಡೆಗೆ ಮದುವೆ ಮಾಡಿಕೊಟ್ಟರು. ಆಮೇಲೆ ನಾನು ಅವಳನ್ನು ಕಾಣಲಿಲ್ಲ. ಇದನ್ನು ನಿಮ್ಮ ತಾತ ಬದುಕಿದ್ದಾಗ ಅವರಿಗೂ ಹೇಳಿರಲಿಲ್ಲ.

ಮೊನ್ನೆ ನಿಮ್ಮ ಪುಸ್ತಕದಲ್ಲಿ ಅದೇ ಪ್ರಯೋಗದ ಚಿತ್ರ ತೋರಿಸಿ, "ಅಜ್ಜಿ, ಕಾವು ಯಾಕೆ ಹೊರಗೆ ಬರಲ್ಲ?" ಎಂದು ಕೇಳಿದಿರಿ. ನಾನು ಹೇಳಿದ್ದು ಅರ್ಧಂಬರ್ಧ. ಸರಿಯಾಗಿ ಹೇಳಿಕೊಡಬಲ್ಲ ಒಬ್ಬ ಟೀಚರಮ್ಮ ನಮ್ಮೂರಲ್ಲಿ ಹುಟ್ಟಿದ್ದಳು. ಅವಳನ್ನು ನಾವು ಟೀಚರಾಗಲು ಬಿಡಲಿಲ್ಲ.