ಹಿಮ್ಮಡಿಯ ಹಿಂದಿನ ಸಂದು

ಚನ್ನವೀರ ಗದಗಿನ ಪಾಲಿಟೆಕ್ನಿಕ್‌ನಲ್ಲಿ ಹದಿನಾರು ವರ್ಷ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕನಾಗಿದ್ದವನು. ಹೆಂಡತಿ ವಚನಾಗೆ ವೆಲ್ಲಿಂಗ್ಟನ್ನಿನ ಸರ್ಕಾರಿ ಇಲಾಖೆಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಾಗ, 2011ರಲ್ಲಿ, ಅವಳ ವೀಸಾದ ಬೆನ್ನಿಗೆ ನ್ಯೂಜಿಲೆಂಡಿಗೆ ಬಂದ. ಪಕ್ಕದ ಪೊರಿರುವಾದಲ್ಲಿ ಬಾಡಿಗೆ ಮನೆ ಹಿಡಿದರು. ಅವಳು ಬೆಳಿಗ್ಗೆ ಏಳರ ರೈಲಿಗೆ ಹೋದ ಮೇಲೆ ಅವನು ಕೆಲಸಕ್ಕೆ ಅರ್ಜಿ ಹಾಕುತ್ತ ಕೂರುತ್ತಿದ್ದ. ಹತ್ತು ತಿಂಗಳು ಹಾಕಿದ. ಮಾತಿಗೆ ಕರೆದ ಒಬ್ಬಿಬ್ಬರೂ ಕೇಳಿದ್ದು ಒಂದೇ: ಇಲ್ಲಿ ಕೆಲಸ ಮಾಡಿದ ಅನುಭವ ಇದೆಯೇ? ಕೊನೆಗೆ ಟೆಂಟು, ಚಾರಣದ ಬೂಟು, ಸ್ಕೀ ಸಾಮಾನು ಮಾರುವ ಅಂಗಡಿಯೊಂದರ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚುವ ಕೆಲಸ ಸಿಕ್ಕಿತು. ಬೇಡ ಎನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಅಲ್ಲಿ ಜೂನ್‌ಗೆ ಚಳಿಗಾಲ. ಮೇ ತಿಂಗಳಲ್ಲಿ ಅದರ ಸಾಮಾನು ಬಂತು. ಹಿಮದ ಮೇಲೆ ನಿಂತು ಜಾರುವ ಸ್ನೋಬೋರ್ಡುಗಳು, ಅವಕ್ಕೆ ಬೂಟನ್ನು ಬಿಗಿದು ಹಿಡಿಯುವ ಬೈಂಡಿಂಗುಗಳು. ಚನ್ನವೀರ ಹಿಮವನ್ನು ದೂರದ ಬೆಟ್ಟದ ತುದಿಯಲ್ಲಿ ಕಂಡಿದ್ದನೇ ಹೊರತು ಮುಟ್ಟಿರಲಿಲ್ಲ. ಆದರೆ ಬೈಂಡಿಂಗನ್ನು ಕೈಗೆತ್ತಿಕೊಂಡ ಕೂಡಲೇ ಅದು ಅವನಿಗೆ ಅರ್ಥವಾಯಿತು. ಅಡಿಯ ತಟ್ಟೆ, ಹಿಮ್ಮಡಿ ಕೂರುವ ಬಟ್ಟಲು, ಮೀನಖಂಡಕ್ಕೆ ಆನುವ ಹಿಂಬದಿಯ ಹಲಗೆ, ಎರಡು ಪಟ್ಟಿ. ಕಾಲು ಕೊಟ್ಟ ಬಲ ಎಲ್ಲೂ ಸೋರದೆ ಬೋರ್ಡಿನ ಅಂಚಿಗೆ ಮುಟ್ಟಬೇಕು, ಅಷ್ಟೇ ಅದರ ಕೆಲಸ. ಪಾಠ ಬಿಟ್ಟು ಒಂದೂವರೆ ವರ್ಷವಾಗಿದ್ದ ಮನುಷ್ಯನಿಗೆ ಬಹಳ ದಿನಗಳ ಮೇಲೆ ಹಸಿವಾದಂತಾಯಿತು.

ಅಂಗಡಿಯ ಮ್ಯಾನೇಜರ್ ಗ್ರೆಗ್ ಎಂಬವನು ಮರುವರ್ಷ ಇವನನ್ನು ಕೌಂಟರಿಗೆ ತಂದು ನಿಲ್ಲಿಸಿದ. ಕಾರಣವಿತ್ತು. ಉಳಿದ ಹುಡುಗರು ತಾವು ಯಾವುದನ್ನು ಹಾಕಿಕೊಳ್ಳುತ್ತಾರೋ ಅದನ್ನೇ ಹೊಗಳುತ್ತಿದ್ದರು. ಚನ್ನವೀರ ಮಾತ್ರ ಗಿರಾಕಿಯನ್ನು ಕೂರಿಸಿ, ಎಲ್ಲಿ ಆಡುತ್ತೀರಿ, ಎಷ್ಟು ದಿನ ಆಡಿದ್ದೀರಿ ಎಂದು ಕೇಳುತ್ತಿದ್ದ. ಎಲ್ಲ ಬಗೆಯ ಇಳಿಜಾರಿಗೂ ಒಂದೇ ಜೊತೆ ಬೇಕೆಂದು ಬಂದವರೇ ಹೆಚ್ಚು. ಅವರಿಗೆ ತೀರ ಗಡುಸೂ ಬೇಡ, ತೀರ ಮೆದುವೂ ಬೇಡ, ನಡುವಿನದು ಸಾಕು ಎನ್ನುತ್ತಿದ್ದ. ಗಡುಸು ಬೈಂಡಿಂಗು ಸಣ್ಣ ತಪ್ಪನ್ನೂ ದೊಡ್ಡದು ಮಾಡುತ್ತದೆ. ಮೆದುವಾದದ್ದು ವೇಗದಲ್ಲಿ ಮಾತು ಕೇಳುವುದಿಲ್ಲ. ಬಣ್ಣ ನೋಡಿ ಕೊಳ್ಳಬೇಡಿ, ಬೂಟು ತಂದು ಇದರಲ್ಲಿಟ್ಟು ನೋಡಿ. ಹಿಮ್ಮಡಿಯ ಹಿಂದೆ ಸಂದು ಉಳಿದರೆ ಎಷ್ಟು ಒಳ್ಳೆಯ ಬೈಂಡಿಂಗಾದರೂ ನಿಮ್ಮದಲ್ಲ. ಇದನ್ನು ಅವನು ನೂರಾರು ಜನಕ್ಕೆ ಹೇಳಿದ್ದ.

2014ರ ಆಗಸ್ಟ್‌ನ ಒಂದು ಗುರುವಾರ ಚಿದಾನಂದ ಅಂಗಡಿಗೆ ಬಂದ. ಮೈಸೂರಿನವನು, ಸಿವಿಲ್ ಎಂಜಿನಿಯರ್. ವೆಲ್ಲಿಂಗ್ಟನ್ನಿನ ಕನ್ನಡದವರಲ್ಲಿ ಹಳಬ. ಜೊತೆಗೆ ಹತ್ತೊಂಬತ್ತು ವರ್ಷದ ಮಗಳು ಕೃಪಾ. ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುತ್ತಿದ್ದಳು. ಬಾಡಿಗೆಯ ಬೋರ್ಡಿನಲ್ಲಿ ಎರಡು ಚಳಿಗಾಲ ಕಲಿತಿದ್ದಳು. ಈಗ ಸ್ವಂತದ್ದು ಬೇಕಿತ್ತು.

"ನಮಸ್ಕಾರ ಸಾರ್," ಎಂದ ಚಿದಾನಂದ. "ನೀವು ಲೆಕ್ಚರರ್ ಆಗಿದ್ರಂತಲ್ಲ, ಉಗಾದಿ ಫಂಕ್ಷನ್ನಲ್ಲಿ ಯಾರೋ ಹೇಳಿದ್ರು. ನಂಗೆ ಇದರ ತಲೆಬುಡ ಗೊತ್ತಿಲ್ಲ. ನೀವೇ ನೋಡಿ ಕೊಡಿ."

ಈ ದೇಶಕ್ಕೆ ಬಂದ ಮೇಲೆ ಅವನನ್ನು ಯಾರೂ ಸಾರ್ ಎಂದಿರಲಿಲ್ಲ. ಚನ್ನವೀರ ಅರ್ಧ ತಾಸು ಅವರ ಜೊತೆ ಕಳೆದ. ಬೋರ್ಡು ಆರಿಸಿದ, ಬೂಟು ಆರಿಸಿದ. ಬೈಂಡಿಂಗಿನಲ್ಲಿ ನಡುವಿನ ಗಡುಸಿನ ಒಳ್ಳೆಯ ಜೊತೆಯೊಂದು ಅವಳಿಗೆಂದೇ ಮಾಡಿದಂತಿತ್ತು. ಆದರೆ ಅವಳ ಅಳತೆಯದು, ಮೀಡಿಯಂ, ಮುಗಿದುಹೋಗಿತ್ತು. ಲಾರ್ಜ್ ಮಾತ್ರ ಉಳಿದಿತ್ತು. ಆಗ ಕೃಪಾ ಅಂಗಡಿಯ ಆಚೆ ಬದಿಯಲ್ಲಿ ಕೈಗವಸು ನೋಡುತ್ತಿದ್ದಳು.

"ಬರೋ ಗುರುವಾರ ಮೀಡಿಯಂ ಬರತೈತ್ರಿ," ಎಂದ ಚನ್ನವೀರ. "ಒಂದ್ ವಾರ ತಡೆದ್ರ ಚಲೋ."

"ಶನಿವಾರವೇ ಸ್ಕೀ ಕ್ಲಬ್ಬಿನವರ ಜೊತೆ ಹೊರಟಿದ್ದಾಳೆ ಸಾರ್. ಇದನ್ನೇ ಏನಾದ್ರೂ ಅಡ್ಜಸ್ಟ್ ಮಾಡಕ್ಕಾಗಲ್ವಾ? ನಿಮಗೆ ಗೊತ್ತಿಲ್ದೇ ಇರೋದಾ?"

ಆಗುವುದಿಲ್ಲ ಎಂಬುದು ಚನ್ನವೀರನಿಗೆ ಗೊತ್ತಿತ್ತು. ಆದರೂ ಪಟ್ಟಿಗಳನ್ನು ತೀರ ಒಳಗಿನ ತೂತಿಗೆ ಸರಿಸಿದ. ಬೂಟು ಇಟ್ಟು ಪಟ್ಟಿಯ ಕೊನೆಯ ಹಲ್ಲಿನವರೆಗೆ ಬಿಗಿದ. ಹಿಮ್ಮಡಿಯ ಹಿಂದೆ ಇನ್ನೂ ಬೆರಳು ಹೋಗುತ್ತಿತ್ತು. ಒಳಗೆ ಹೋಗಿ, ಪ್ಯಾಕಿಂಗಿನ ಸ್ಪಂಜಿನ ಪಟ್ಟಿ ಕತ್ತರಿಸಿ ತಂದು ಹಿಮ್ಮಡಿಯ ಬಟ್ಟಲಿನೊಳಗೆ ಅಂಟಿಸಿದ. ಈಗ ಬೆರಳು ಹೋಗಲಿಲ್ಲ. ಕೃಪಾಳನ್ನು ಕರೆದು ನಿಲ್ಲಿಸಿದ. ಸರಿಯಾಗಿದೆ ಅಂಕಲ್ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅಂಗಡಿಯ ಕಾರ್ಪೆಟ್ಟಿನ ಮೇಲೆ ನಿಂತವರಿಗೆ ಎಲ್ಲವೂ ಸರಿಯೇ.

ಮುಂದಿನ ಮಂಗಳವಾರ ವಚನಾ ಕೆಲಸದಿಂದ ಬಂದವಳೇ ಕೋಟು ಕೂಡ ತೆಗೆಯದೆ ಹೇಳಿದಳು: "ಚಿದಾನಂದ ಅವ್ರ ಮಗಳು ಗುಡ್ಡದ ಮ್ಯಾಲೆ ಬಿದ್ದಾಳಂತ್ರಿ. ಹೆಲಿಕಾಪ್ಟರಿನ್ಯಾಗ ತಂದಾರ. ಎಡಗಾಲು."

ರುವಾಪೆಹು ಬೆಟ್ಟದ ಮೇಲೆ ಭಾನುವಾರ ಮಂಜು ಮುಸುಕಿತ್ತು, ಹಿಮ ಗಟ್ಟಿಯಾಗಿ ಗಾಜಿನಂತಿತ್ತು. ತಿರುವಿನಲ್ಲಿ ಬೋರ್ಡು ಮಾತು ಕೇಳಲಿಲ್ಲ. ಕೃಪಾ ಇಳಿಜಾರಿನ ಅಂಚು ದಾಟಿ ಬಂಡೆಗೆ ಬಡಿದಿದ್ದಳು. ಪಾದದ ಕೀಲಿನೊಳಗಿನ ಮೂಳೆ ಒಡೆದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಆರು ವಾರಗಳ ನಂತರ ವೈದ್ಯರು, ಆ ಮೂಳೆಗೆ ರಕ್ತ ಹರಿಯುತ್ತಿಲ್ಲ, ಅದು ಸಾಯುತ್ತಿದೆ, ಮುಂದೆ ಕೀಲನ್ನೇ ಬೆಸೆಯಬೇಕಾದೀತು ಎಂದರು.

ಈ ದೇಶದಲ್ಲಿ ಅಪಘಾತವಾದರೆ ಯಾರ ತಪ್ಪು ಎಂದು ಕೇಳುವುದಿಲ್ಲ. ಸರ್ಕಾರದ ಅಪಘಾತ ಪರಿಹಾರದವರು ಒಂದು ಫಾರಂ ಕೊಡುತ್ತಾರೆ, ಏನಾಯಿತು ಎಂದು ಬರೆದರೆ ಚಿಕಿತ್ಸೆ ಅವರದು. ಕೃಪಾಳ ಫಾರಂನಲ್ಲಿ 'ಹಿಮದ ಮೇಲೆ ಬಿದ್ದದ್ದು' ಎಂದಷ್ಟೇ ಇತ್ತು. ಚನ್ನವೀರ ಗ್ರೆಗ್‌ಗೆ ವಿಷಯ ಹೇಳಿದ. ಗ್ರೆಗ್, ಯಾರೂ ಕೇಳಿಲ್ಲ, ಮಂಜಿನಲ್ಲಿ ಯಾರಾದರೂ ಬೀಳುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದ. ಅದು ನಿಜವೂ ಇರಬಹುದಿತ್ತು. ಆದರೆ ಸಡಿಲ ಇರುವ ಕಡೆಯೇ ಪೆಟ್ಟು ಬೀಳುತ್ತದೆಂದು ಚನ್ನವೀರ ವರ್ಷಗಟ್ಟಲೆ ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವನು. ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ದೀಪಾವಳಿಗೆ ಕನ್ನಡದವರೆಲ್ಲ ಒಂದು ಸಭಾಂಗಣದಲ್ಲಿ ಸೇರಿದ್ದರು. ಕೃಪಾ ಊರುಗೋಲು ಹಿಡಿದು ಬಂದು ಮೂಲೆಯಲ್ಲಿ ಕುಳಿತಿದ್ದಳು. ಯಾರೋ ಹೆಂಗಸರು ಕಾಲಿಗೇನಾಯಿತು ಎಂದು ಕೇಳಿದಾಗ ಚಿದಾನಂದನೇ ಉತ್ತರ ಕೊಟ್ಟ.

"ಹೇಳಿದ ಮಾತು ಕೇಳಿದ್ರೆ ತಾನೆ? ಸ್ಪೀಡು. ಫ್ರೆಂಡ್ಸ್ ಮುಂದೆ ಶೋಕಿ. ಈಗ ಓದೂ ಹೋಯ್ತು, ಗುಡ್ಡ ಹತ್ತದೇ ಅದೇನ್ ಜಿಯಾಲಜಿ ಓದ್ತಾಳೆ?"

ಕೃಪಾ ತಟ್ಟೆಯಲ್ಲಿದ್ದ ಚಿತ್ರಾನ್ನವನ್ನು ಚಮಚದಿಂದ ಒಂದು ಬದಿಗೆ ಸರಿಸುತ್ತ ಕುಳಿತಳು. ತಲೆ ಎತ್ತಲಿಲ್ಲ. ಚನ್ನವೀರ ಊಟ ಬಿಟ್ಟು ಹೊರಗೆ ಬಂದ.

"ಹೇಳಿಬಿಡ್ತೀನಿ," ಎಂದ ಕಾರಿನಲ್ಲಿ.

"ಹೇಳಿ ಏನ್ ಮಾಡ್ತೀರಿ?" ಎಂದಳು ವಚನಾ. "ಆ ಹುಡುಗಿ ಕಾಲು ತಿರುಗಿ ಬರತೈತೇನು? ನಿಮ್ಮ ಎದಿ ಹಗುರಾಗತೈತಿ, ಅಷ್ಟ."

"ಆಕಿ ತಾನ ತಪ್ಪು ಮಾಡೇನಿ ಅಂತ ತಿಳಕೊಂಡು ಕುಂತಾಳ, ವಚನಾ."

ವಚನಾ ಸೀಟುಬೆಲ್ಟು ಹಾಕಿಕೊಂಡಳು.

ಭಾನುವಾರ ಮಧ್ಯಾಹ್ನ ಅವನೊಬ್ಬನೇ ಅವರ ಮನೆಗೆ ಹೋದ. ಚಿದಾನಂದನ ಹೆಂಡತಿ ವಿಜಯಾ ಬಾಗಿಲು ತೆಗೆದು, ಬನ್ನಿ ಎಂದು ಕಾಫಿಗೆ ನೀರಿಟ್ಟಳು. ಕೃಪಾ ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಚನ್ನವೀರ, ಬೋರ್ಡು ಮತ್ತು ಬೂಟು ಇನ್ನೂ ಇವೆಯೇ ಎಂದು ಕೇಳಿದ. ಚಿದಾನಂದ ಗೊಂದಲದಿಂದಲೇ ಗ್ಯಾರೇಜಿನಿಂದ ತಂದಿಟ್ಟ. ಚನ್ನವೀರ ನೆಲದ ಮೇಲೆ ಕುಳಿತು ಎಡಗಾಲಿನ ಬೈಂಡಿಂಗಿನಿಂದ ಸ್ಪಂಜಿನ ಪಟ್ಟಿ ಕಿತ್ತು ತೆಗೆದ. ಬೂಟು ಇಟ್ಟು, ಪಟ್ಟಿ ಬಿಗಿದು, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ತೋರಿಸಿದ. ಬೂಟು ಅತ್ತಿತ್ತ ಅಲುಗಾಡಿತು.

"ಇದು ನಿನ್ನ ಅಳತಿದು ಅಲ್ಲವ್ವಾ," ಎಂದ ಕೃಪಾಳಿಗೆ. "ದೊಡ್ಡದು. ನಾ ಸ್ಪಂಜು ಹಚ್ಚಿ ಮುಚ್ಚಿದ್ದೆ. ನೀ ತಿರುಗಿಸಿದ್ದು ಸರೀನ ಇತ್ತು. ಇದು ಕೇಳಿಲ್ಲ."

"ಗೊತ್ತಿದ್ದೂ ಕೊಟ್ರಾ?" ಎಂದ ಚಿದಾನಂದ.

"ಗೊತ್ತಿದ್ದೇ ಕೊಟ್ಟೀನ್ರಿ."

ವಿಜಯಾ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಕೃಪಾ ಆ ಬೂಟನ್ನೇ ನೋಡುತ್ತಿದ್ದಳು. ಆಮೇಲೆ, ಸರಿಯಾದ ಅಳತೆಯದು ಆವತ್ತು ಇರಲೇ ಇಲ್ಲವೇ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು.

ಇರಲಿಲ್ಲ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಅವನು ನಿಜ ಹೇಳಲೆಂದು ಬಂದವನು, ಬಾಯಿ ತಡೆಯಲಿಲ್ಲ. "ಒಂದ್ ವಾರ ತಡೀರಿ ಅಂತ ನಿಮ್ಮ ಅಪ್ಪಾಜಿಗೆ ಹೇಳಿದ್ದೆ. ಅವ್ರಿಗೆ ಅವಸರ ಇತ್ತು."

ಕೃಪಾ ಅಪ್ಪನ ಕಡೆ ತಿರುಗಿದಳು. ಚಿಕ್ಕಂದಿನಿಂದ ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು ಆಗ ಕನ್ನಡದಲ್ಲೇ ಕೇಳಿದಳು: "ನಿಂಗೆ ಗೊತ್ತಿತ್ತಾ, ಅಪ್ಪ?"

ಚಿದಾನಂದನ ಮುಖ ಕೆಂಪಾಯಿತು. ಚನ್ನವೀರನಿಗೆ ಬಾಗಿಲು ತೋರಿಸಿದ. "ನೀವು ಎದ್ದು ಹೋಗಿ. ಇನ್ನು ಈ ಕಡೆ ಬರಬೇಡಿ."

ಆ ತಿಂಗಳ ಕೊನೆಯಲ್ಲಿ ಚನ್ನವೀರ ಅಂಗಡಿ ಬಿಟ್ಟ. ಕೆಲವು ತಿಂಗಳು ಮನೆಯಲ್ಲೇ ಇದ್ದು, ಪ್ಲಾಸ್ಟಿಕ್ ಪೈಪು ಮಾಡುವ ಕಾರ್ಖಾನೆಯೊಂದಕ್ಕೆ ಸೇರಿದ. ಅಲ್ಲಿ ಗಿರಾಕಿಗಳ ಮುಖ ನೋಡುವ ಕೆಲಸವಿರಲಿಲ್ಲ. ಕನ್ನಡದವರ ಸಭೆಗಳಿಗೆ ವಚನಾ ಒಬ್ಬಳೇ ಹೋಗತೊಡಗಿದಳು. ಜನ ಮೊದಮೊದಲು ಕೇಳಿದರು, ಆಮೇಲೆ ಬಿಟ್ಟರು. ಎದೆ ಹಗುರವಾಯಿತೇ ಎಂದು ಅವಳೂ ಕೇಳಲಿಲ್ಲ. ಅವನನ್ನು ಕಾಡಿದ್ದು ಆ ಕೊನೆಯ ಒಂದು ಮಾತು. ತನ್ನ ತಪ್ಪು ಒಪ್ಪಿಕೊಳ್ಳಲು ಹೋದವನು, ಏಳುವ ಮೊದಲು ಅದರಲ್ಲೊಂದು ಪಾಲನ್ನು ಇನ್ನೊಬ್ಬನ ತಲೆಗೆ ಕಟ್ಟಿದೆನಲ್ಲ, ಅದು ನಿಜವೆಂದು ಹೇಳಿದ್ದೋ ತನಗೆ ಭಾರವಾಯಿತೆಂದು ಹೇಳಿದ್ದೋ. ಅದು ಅವನಿಗೆ ಬಗೆಹರಿಯಲಿಲ್ಲ.

2017ರ ಜೂನ್‌ನಲ್ಲಿ ಪೊರಿರುವಾದ ಇಂಡಿಯನ್ ಅಂಗಡಿಯಲ್ಲಿ ವಿಜಯಾ ಎದುರಾದಳು. ತೊಗರಿಬೇಳೆಯ ಚೀಲ ಎತ್ತಿಕೊಳ್ಳುತ್ತಿದ್ದಳು. ಅವನು ಪಕ್ಕಕ್ಕೆ ಸರಿಯಲು ನೋಡಿದ. ಅವಳೇ ಮಾತಾಡಿಸಿದಳು.

"ಕೃಪಾ ಈಗ ನೆಲ್ಸನ್‌ನಲ್ಲಿದ್ದಾಳೆ. ಹಣ್ಣಿನ ಕಂಪನಿಯೊಂದರ ಆಫೀಸಲ್ಲಿ ಕೆಲಸ. ಇಲ್ಲಿನ ಗಾಳಿ, ಥಂಡಿಗೆ ಕಾಲು ತಡೆಯಲ್ಲ ಅಂತ ಹೋದ್ಲು. ಆಗಸ್ಟ್‌ನಲ್ಲಿ ಕೀಲು ಬೆಸೆಯೋ ಆಪರೇಷನ್ನು."

"ಹೌದ್ರಿ?" ಎಂದ ಚನ್ನವೀರ. "ಚಿದಾನಂದ ಅವ್ರು ಹೋಗ್ತಾರೇನ್ರಿ, ಆಪರೇಷನ್ನಿಗೆ?"

"ನಾನು ಹೋಗ್ತೀನಿ. ಅವರಿಗೂ ಅವಳಿಗೂ ಮಾತಿಲ್ಲ. ಮೂರು ವರ್ಷ ಆಗ್ತಾ ಬಂತು."

"ನಾ ಆವತ್ತು ಬರಬಾರದಿತ್ತೇನ್ರಿ?"

ವಿಜಯಾ ಬೇಳೆಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ನಂಗೆ ಗೊತ್ತಿಲ್ಲ," ಎಂದಳು. "ನೀವು ಬಂದುಹೋದ ಮೇಲೆ ಅವಳು ರಾತ್ರಿ ನಿದ್ದೆ ಮಾಡಕ್ಕೆ ಶುರು ಮಾಡಿದ್ಲು. ಅವರು ನಿದ್ದೆ ಬಿಟ್ರು."

ಅವಳು ಕೌಂಟರಿನ ಕಡೆ ಹೋದಳು. ಚನ್ನವೀರ ತಾನು ಏನು ಕೊಳ್ಳಲು ಬಂದಿದ್ದೆನೆಂದು ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ವಚನಾಗೆ ಫೋನು ಮಾಡಿ ಕೇಳಿದ. ಕೊತ್ತಂಬರಿ ಮತ್ತು ರವೆ ಎಂದಳು ಅವಳು.